ಟವೆಲ್ಲಿನ ಕೆಳಗೊಂದು ಯುದ್ಧವಿಮಾನ

ಯುದ್ಧವಿಮಾನ ಕೊಳ್ಳುವ ಮೊದಲು ದೇಶದವರು ಒಬ್ಬ ಮನುಷ್ಯನನ್ನು ಕೇಳಲೇಬೇಕಿತ್ತು, ಯಾರೂ ಕೇಳಲಿಲ್ಲ! ಅವನ ವಿಳಾಸ ಗೊತ್ತಿರಲಿಲ್ಲವೋ ಏನೋ. ಆತ ಕುರುಗೋಡಿನಲ್ಲಿದ್ದ, ದನದ ದಲ್ಲಾಳಿಯಾಗಿದ್ದ, ಹೆಗಲ ಮೇಲೆ ಸದಾ ಒಂದು ಕೆಂಪಂಚಿನ ಟವೆಲ್ಲು ಹಾಕಿಕೊಂಡಿರುತ್ತಿದ್ದ. ಇಷ್ಟೇ ಆಗಿದ್ದರೆ ನನಗೇನು ಕಷ್ಟ? ಆತ ನನ್ನ ತಾಯಿಯ ಒಬ್ಬನೇ ತಮ್ಮ, ನನ್ನ ಸೋದರಮಾವ. ಕಷ್ಟವಿದ್ದದ್ದು ಅಲ್ಲಿ.

ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನ ಕೈ, ದಲ್ಲಾಳಿಯ ಕೈ ಎರಡೂ ಟವೆಲ್ಲಿನ ಕೆಳಗೆ ಸೇರುತ್ತವೆ. ಇಷ್ಟು ಬೆರಳು ಹಿಡಿದರೆ ಇಷ್ಟು ನೂರು, ಗೆಣ್ಣು ಒತ್ತಿದರೆ ಇಷ್ಟು ಹತ್ತು. ಸುತ್ತ ನಿಂತವರಿಗೆ ಕಾಣುವುದು ಟವೆಲ್ಲು ಅಲ್ಲಾಡುವುದು ಮಾತ್ರ. ಮಾಮ ಈ ವಿದ್ಯೆಯಲ್ಲಿ ಎಷ್ಟು ಪಳಗಿದ್ದನೆಂದರೆ, ಹುಟ್ಟಿದಾಗಿನಿಂದ ಯಾವ ವಸ್ತುವಿಗೂ ಕೇಳಿದಷ್ಟು ಬೆಲೆ ಕೊಟ್ಟವನಲ್ಲ. ಕೊತ್ತಂಬರಿ ಸೊಪ್ಪಿನಿಂದ ಹಿಡಿದು ತನ್ನ ಮದುವೆಯ ವಾಲಗದವರೆಗೂ ಚೌಕಾಶಿಯೇ!

ಇಂಥವನಿಗೆ ಒಂದು ದಿನ ರೇಡಿಯೋದಲ್ಲಿ, ನಮ್ಮವರು ಹೊರದೇಶದಿಂದ ಕೋಟಿಗಟ್ಟಲೆ ಕೊಟ್ಟು ಯುದ್ಧವಿಮಾನ ತರಿಸುತ್ತಿದ್ದಾರೆ ಎಂಬ ಸುದ್ದಿ ಕಿವಿಗೆ ಬಿತ್ತು. ಅಲ್ಲಿಗೆ ನನ್ನ ನೆಮ್ಮದಿ ಮುಗಿಯಿತು. ಆಗ ನಾನು ಬಳ್ಳಾರಿಯಲ್ಲಿ ಕಾಲೇಜು ಓದುತ್ತಿದ್ದೆ. ಗೆಳತಿಯರೊಂದಿಗೆ ಸಿರುಗುಪ್ಪದ ಬಸ್ಸು ಹತ್ತಿದರೆ ಹಿಂದಿನ ಸೀಟಿನಿಂದ ಮಾಮನ ಗಂಟಲು ಕೇಳುತ್ತಿತ್ತು: "ಒಂದು ವಿಮಾನದ ರೊಕ್ಕದಾಗ ಈ ತಾಲ್ಲೂಕಿಗೆಲ್ಲ ಜೋಡಿ ಜೋಡಿ ಎತ್ತು ಕಟ್ಟಬಹುದು. ಕೊಂಡೋರು ವಯಸ್ಸು ತಿಳಿಯಾಕ ಹಲ್ಲರ ನೋಡ್ಯಾರೇನು?"

ಬಸ್ಸೆಲ್ಲಾ ನಗುತ್ತಿತ್ತು. ಒಮ್ಮೆ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಸಮಾಧಾನ ಹೇಳಿದರು: "ಅದು ಬರೀ ಒಂದು ಕೆಲಸಕ್ಕಲ್ಲಪ್ಪ. ಹೊಡೆದಾಟಕ್ಕೂ ಅದೇ, ಬಾಂಬ್ ಹಾಕಾಕೂ ಅದೇ, ಮ್ಯಾಲಿಂದ ಫೋಟೋ ತೆಗಿಯಾಕೂ ಅದೇ."

"ಹಂಗನ್ರಿ! ಉಳಾಕೂ ಅದೇ, ಬಂಡಿಗೂ ಅದೇ, ಹಾಲು ಕರಿಯಾಕೂ ಅದೇ ಅಂತ ಒಂದು ದನ ಹೊಡಕೊಂಡು ಬಂದ್ರ, ನಾನು ಮೊದಲು ಮಾರೋನ ಮುಖ ನೋಡ್ತೀನಿ, ಆಮ್ಯಾಲೆ ದನ."

"ಅವರು ನಿನಗೇನಾಗಬೇಕು?" ಎಂದು ಪಕ್ಕದ ಗೆಳತಿ ಕೇಳಿದಳು. ನಾನು ಕಿಟಕಿಯಾಚೆ ಗದ್ದೆ ನೋಡುತ್ತಾ ಕೂತೆ. ಅಷ್ಟರಲ್ಲಿ ಮಾಮನೇ ಎದ್ದು ಬಂದು, "ನನ್ನ ಅಕ್ಕನ ಮಗಳು. ಬಿಎ!" ಎಂದು ಇಡೀ ಬಸ್ಸಿಗೆ ಪರಿಚಯ ಮಾಡಿಸಿದ.

ಇನ್ನೊಮ್ಮೆ ಸಿರುಗುಪ್ಪದಲ್ಲಿ ನೆಂಟರ ಮಗುವಿನ ತೊಟ್ಟಿಲು ಶಾಸ್ತ್ರ. ಯಾರೋ ಪತ್ರಿಕೆ ತೆಗೆದು, ಅಮೆರಿಕದವರು ರಡಾರಿಗೂ ಕಾಣದ ವಿಮಾನ ಮಾಡುತ್ತಿದ್ದಾರಂತೆ ಎಂದು ಓದಿದರು. ಮಾಮ ಕೈಯಲ್ಲಿದ್ದ ಹೋಳಿಗೆ ಕೆಳಗಿಟ್ಟ. "ಕಾಣಂಗಿಲ್ಲ?" ಎಂದ. "ಕಾಣಂಗಿಲ್ಲ ಅಂದಮ್ಯಾಲೆ ರೊಕ್ಕ ತಗೊಂಡು ಕೊಟ್ಟಾರೋ ಇಲ್ಲೋ ಅನ್ನೋದು ಹೆಂಗ ಗೊತ್ತಾಗಬೇಕು? ಖಾಲಿ ಕೊಟ್ಟಿಗಿ ತೋರಿಸಿ ನಿಮ್ಮ ಹೋರಿ ಒಳಗ ಐತಿ ಅಂದ್ರ ನಂಬತೀರೇನು?" ನಕ್ಕೂ ನಕ್ಕೂ ಹೆಂಗಸರು ಮಗುವಿಗೆ ಹೆಸರಿಡುವುದನ್ನೇ ಮರೆತರು. ನಾನು ಅಡುಗೆಮನೆಗೆ ಹೋಗಿ ಬೇಡದ ಪಾತ್ರೆ ತೊಳೆದೆ.

ಹೀಗಿರುವಾಗ ನನಗೊಂದು ಸಂಬಂಧ ಬಂತು. ಬಳ್ಳಾರಿಯಲ್ಲೇ ಕಂಟೋನ್ಮೆಂಟಿನ ಕಡೆಯ ಮರ್ಯಾದಸ್ಥರ ಮನೆ. ಹುಡುಗ ಎತ್ತರ, ನಗುಮುಖ. ಫೋಟೋ ನೋಡಿಯೇ ನನ್ನ ಮನಸ್ಸು ಆಗಿಹೋಗಿತ್ತು, ಸುಳ್ಳೇಕೆ ಹೇಳಲಿ? ಕೆಲಸ ಏನು ಗೊತ್ತೇ? ಯುದ್ಧವಿಮಾನದ ಪೈಲಟ್! ಇಷ್ಟು ದೊಡ್ಡ ದೇಶದಲ್ಲಿ ಬ್ಯಾಂಕಿನವನೋ ಮೇಷ್ಟರೋ ಸಿಗಬಾರದಿತ್ತೇ?

"ಅವ್ವಾ, ಮಾಮನ್ನ ಮಾತ್ರ ಕರೀಬ್ಯಾಡ" ಎಂದು ಅಮ್ಮನ ಕಾಲಿಗೆ ಬೀಳುವುದೊಂದು ಬಾಕಿ.

"ಸೋದರಮಾವ ಇಲ್ದ ಮಾತುಕತಿ ಎಲ್ಲಿಯರ ಐತೇನು? ಸುಮ್ನಿರು" ಎಂದಳು ಅಮ್ಮ. ಆದರೂ ಅವಳಿಗೂ ಒಳಗೊಳಗೇ ಅಳುಕು. ಬೆಳಿಗ್ಗೆ ತಮ್ಮ ಬಂದಿಳಿದ ಕೂಡಲೇ, ವಿಮಾನ ಎಂಬ ಮಾತನ್ನು ಬಾಯಲ್ಲಿ ಎತ್ತುವುದಿಲ್ಲವೆಂದು ಕುರುಗೋಡಿನ ದೊಡ್ಡ ಬಸವಣ್ಣನ ಮೇಲೆ ಆಣೆ ಮಾಡಿಸಿಕೊಂಡಳು. ಮಾಮ ಆಣೆಗೆ ತಪ್ಪುವವನಲ್ಲ. ತಪ್ಪಲೂ ಇಲ್ಲ.

ಗಂಡಿನವರು ಬಂದರು. ಒಗ್ಗರಣೆ ಮಂಡಕ್ಕಿ, ಮಿರ್ಚಿ ಕೊಟ್ಟಾಯಿತು. ನಾನು ತಲೆ ಬಗ್ಗಿಸಿ ಕೂತಿದ್ದೆ. ಮಾಮ ಗಂಟಲು ಸರಿಮಾಡಿಕೊಂಡ.

"ಅಳಿಯಂದಿರೇ, ನೀವು ಹತ್ತಿ ಓಡಿಸೋ ಆ ಹೋರಿ... ಎಷ್ಟಕ್ಕ ತಂದಾರ?"

ಗಂಡಿನ ತಾಯಿ ನನ್ನನ್ನು ನೋಡಿದರು. ಹುಡುಗನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ತುಟಿ ಕಚ್ಚಿ ನಗು ನುಂಗಿ, "ಅದನ್ನ ಹೇಳೋ ಹಾಗಿಲ್ಲ ಮಾಮ, ಗುಟ್ಟು" ಎಂದ.

ಮಾಮನ ಮುಖ ಅರಳಿತು. ಬಾಳಿನಲ್ಲಿ ಮೊದಲ ಸಲ ತನ್ನ ಕಸುಬಿನವನೊಬ್ಬ ಸಿಕ್ಕ ಹಾಗೆ! "ಬಾಯಿಲೆ ಯಾಕ ಹೇಳ್ತೀರಿ? ಕೈ ಕೊಡ್ರಿ ಇಲ್ಲೆ" ಎಂದು ಹೆಗಲ ಮೇಲಿನ ಟವೆಲ್ಲು ತೆಗೆದು ಝಾಡಿಸಿದ. ನಡುಮನೆಯ ತುಂಬ ಕೊಟ್ಟಿಗೆಯ ವಾಸನೆ. ಹುಡುಗನ ತಂದೆಯ ಕೈಯಲ್ಲಿದ್ದ ಮಿರ್ಚಿ ಬಾಯಿಯವರೆಗೆ ಹೋಗಿ ಅಲ್ಲೇ ನಿಂತಿತು. ನೆಲ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಇದು ಮುರಿಯಿತು, ಈ ನಗುಮುಖ ಇನ್ನು ನನಗಿಲ್ಲ ಎಂದು ಕಣ್ಣು ತುಂಬಿಕೊಂಡು ಕೂತೆ.

ಆ ಪುಣ್ಯಾತ್ಮ ಕೈ ಕೊಟ್ಟೇಬಿಟ್ಟ! ಟವೆಲ್ಲು ಸ್ವಲ್ಪ ಹೊತ್ತು ಅಲ್ಲಾಡಿತು. ಮಾಮ ಕೈ ಹಿಂದೆ ತೆಗೆದು, "ಆತು, ಹುಡುಗ ಚಲೋ ಅದಾನ" ಎಂದು ಮಂಡಕ್ಕಿಗೆ ಕೈಹಾಕಿದ. ಮದುವೆಯಾದ ಮೇಲೆ ಕೇಳಿದರೆ ಗಂಡ ನಕ್ಕ: "ನಾನು ಸುಮ್ಮನೆ ಎರಡು ಬೆರಳು ಅಲ್ಲಾಡಿಸಿದೆ. ನಿನ್ನ ಮಾಮ ಎಷ್ಟಂತ ಲೆಕ್ಕ ಹಾಕಿದನೋ!"

ಗಂಡನ ಜೊತೆ ನಾನು ಉತ್ತರದ ಕಡೆ ಹೋದೆ. ಹಬ್ಬಕ್ಕೆ ಊರಿಗೆ ಬಂದರೆ ಮಾಮನ ವಾದ ಮೊದಲಿನ ಹಾಗೇ. ಗಂಡ ಎದುರಿಗೆ ಕೂತು ಕೇಳುತ್ತಿದ್ದ, ನಾನು ಬಾಗಿಲ ಹಿಂದೆ ನಾಚಿಕೆಯಿಂದ ಬೆವರುತ್ತಿದ್ದೆ. ಮನೆಗೆ ಬಂದ ಅಳಿಯನ ಹೊಟ್ಟೆಪಾಡನ್ನೇ ದಂಡದ ಖರ್ಚು ಅನ್ನುವ ಮಾಮ ಇನ್ನಾರಿಗಾದರೂ ಇದ್ದಾನೆಯೇ?

ಒಂದು ದಿನ ನನ್ನ ಗಂಡನ ವಿಮಾನಕ್ಕೆ ಹದ್ದು ಬಡಿಯಿತು. ಕೋಟಿಗಟ್ಟಲೆಯ ವಿಮಾನ, ಒಂದು ಹದ್ದು! ವಿಮಾನ ಹೊಲದಲ್ಲಿ ಬಿದ್ದು ಬೂದಿಯಾಯಿತು. ಬೀಳುವ ಮೊದಲು ಗಂಡ ಒಂದು ಹಿಡಿಕೆ ಎಳೆದನಂತೆ. ಕೂತ ಕುರ್ಚಿಯೇ ಅವನನ್ನು ಹೊತ್ತು ಮೇಲಕ್ಕೆ ಚಿಮ್ಮಿ, ಪ್ಯಾರಾಚೂಟಿನಲ್ಲಿ ಕೆಳಗಿಳಿಸಿತಂತೆ. ಬೆನ್ನಿಗೆ ಪೆಟ್ಟು, ಕಾಲು ಮುರಿದಿತ್ತು, ಜೀವ ಇತ್ತು.

ಸುದ್ದಿ ಹೋದದ್ದೇ ತಡ, ಮಾಮ ರೈಲು ಹತ್ತಿದ. ಊರು ಬಿಟ್ಟು ಗುಂತಕಲ್ಲಿನ ಆಚೆ ಹೋದವನಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಅವನು, ಅವನ ಹೆಗಲ ಮೇಲೆ ಆ ಟವೆಲ್ಲು! ಸರಿಯಾಗಿ ಅದೇ ಹೊತ್ತಿಗೆ ನನ್ನ ಗಂಡನ ಮೇಲಧಿಕಾರಿ ನೋಡಲು ಬಂದಿದ್ದರು. ಎದೆ ಮೀಸೆ ಎರಡೂ ಭಾರಿಯಾಗಿದ್ದ ಪಂಜಾಬಿ. ಮಾಮ ನೆಟ್ಟಗೆ ಅವರೆದುರು ನಿಂತ.

"ಯವ್ವಾ, ನಾನು ಹೇಳಿದ್ದನ್ನ ಹಂಗೇ ಇವರ ಭಾಷಾದಾಗ ಹೇಳು."

"ಮಾಮ, ನಿನಗ ಕೈ ಮುಗೀತೀನಿ. ಇವತ್ತೊಂದಿನ ಬ್ಯಾಡ."

"ಹೇಳು ಅಂದೆ. ವಿಮಾನಕ್ಕ ಅಷ್ಟು ರೊಕ್ಕ ಕೊಡಬಾರದಿತ್ತು. ಹಕ್ಕಿಗೆ ಬೀಳೋದು ಅದ್ಯಾವ ವಿಮಾನ? ಈಗಲೂ ಅದನ್ನೇ ಅಂತೀನಿ."

ಬೆವರುತ್ತಾ ಹೇಳಿದೆ. ಅಧಿಕಾರಿಯ ಹುಬ್ಬು ಮೇಲೇರಿತು.

"ಆದ್ರ ಆ ಕುರ್ಚಿ ಮಾಡಿದೋರು ಎಲ್ಲೆ ಅದಾರ ಕೇಳು. ಅವರು ಎಷ್ಟು ಕೇಳ್ತಾರೋ ಅಷ್ಟು ಕೊಟ್ಟುಬಿಡ್ರಿ ಅನ್ನು. ಒಂದು ರೂಪಾಯಿ ಕಡಿಮಿ ಮಾಡಿಸಬ್ಯಾಡ್ರಿ ಅನ್ನು."

ಹೇಗೋ ಹೇಳಿ ಮುಗಿಸಿದೆ. ಅಧಿಕಾರಿ ಮಾಮನ ಹೆಗಲು ಮುಟ್ಟಿ ಹೊರಗೆ ಹೋದರು.

ಮಾಮ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತ. ನಿದ್ದೆಯಲ್ಲಿದ್ದ ನನ್ನ ಗಂಡನ ಕೈಯ ಮೇಲೆ ಟವೆಲ್ಲು ಹೊದಿಸಿ, ಅದರ ಕೆಳಗೆ ತನ್ನ ಕೈ ತೂರಿಸಿದ. ಬಾಗಿಲಲ್ಲಿದ್ದ ನರ್ಸ್ ನನ್ನನ್ನು ನೋಡಿದಳು.

"ಇಲ್ಲೂ ವ್ಯಾಪಾರನಾ ಮಾಮ?" ಎಂದೆ.

"ವ್ಯಾಪಾರ ಅಲ್ಲವ್ವ. ಬೆರಳು ಎಲ್ಲಾ ಅದಾವಿಲ್ಲೋ ನೋಡಾಕತ್ತೀನಿ."

ನೋಡಿ ಮುಗಿದ ಮೇಲೂ ಅವನು ಕೈ ತೆಗೆಯಲಿಲ್ಲ. ಟವೆಲ್ಲಿನ ಒಂದು ತುದಿ ಮಂಚದಿಂದ ಕೆಳಗೆ ಜೋತಾಡುತ್ತಿತ್ತು. ಇಷ್ಟು ವರ್ಷ ಕಂಡ ಕಂಡಲ್ಲಿ ನನ್ನ ಮಾನ ತೆಗೆದ ಟವೆಲ್ಲು. ಅದರಲ್ಲೇ ಮುಖ ಮುಚ್ಚಿಕೊಂಡು ಅತ್ತೆ. ಕೊಟ್ಟಿಗೆಯ ವಾಸನೆ ಹಾಗೇ ಇತ್ತು.