ಕರುಳಿನ ಬಾಗಿಲಲ್ಲಿ ಕಡಕ್ ಚಹಾ

ನರೇಗಲ್ ಬಸ್ ಸ್ಟ್ಯಾಂಡಿನೆದುರು ಚಹಾದಂಗಡಿ ಇಟ್ಟಿರುವ ಖಾದರನಿಗೆ ಅಂದು ಆದಂಥ ಅವಮಾನ ಯಾವ ಸುಲ್ತಾನನಿಗೂ ಆಗಿರಲಿಕ್ಕಿಲ್ಲ.

ಹೆಂಡತಿ ಮುಬೀನಾಳಿಗೆ ರಕ್ತ ಕಡಿಮೆ. ಕೊಡ ಎತ್ತಿದರೆ ಏದುಸಿರು. ದವಾಖಾನೆಯವರು ಕೊಟ್ಟ ಕಬ್ಬಿಣಾಂಶದ ಗುಳಿಗೆಯನ್ನು ದಿನವೂ ತಾನೇ ಕುದಿಸಿದ ಚಹಾದೊಡನೆ ನುಂಗಿಸುತ್ತಿದ್ದ. (ಪ್ರೀತಿ ತೋರಿಸಲು ಅವನಿಗೆ ಬೇರೆ ದಾರಿ ಗೊತ್ತಿರಲಿಲ್ಲ.) ರಕ್ತ ಮಾತ್ರ ಏರಲಿಲ್ಲ. ಹೀಗೇ ಆದರೆ ರೋಣಕ್ಕೆ ಹೋಗಿ ಸೂಜಿ ಹಾಕಿಸಿಕೊಳ್ಳಬೇಕೆಂದರು. ಸೂಜಿ ಎಂದರೆ ಮುಬೀನಾಳಿಗೆ ಮೊದಲೇ ಕಣ್ಣು ತುಂಬುತ್ತದೆ.

ದವಾಖಾನೆಯ ನರ್ಸ್ ದುರ್ಗಾ ಗುಳಿಗೆ ನುಂಗಿಸುವ ಬಗೆ ವಿಚಾರಿಸಿ ಹಣೆ ಹಣೆ ಬಡಿದುಕೊಂಡಳು. “ಗುಳಗಿ ಹೊಟ್ಟಿಗೆ ಬಿದ್ರ ಸಾಲೂದಿಲ್ಲ, ಖಾದರಣ್ಣ. ಕರಳಿನ ಗ್ವಾಡಿ ದಾಟಿ ರಕ್ತಕ್ಕ ಸೇರಬೇಕು. ನಿಮ್ಮ ಚಾ ಅದನ್ನ ಬಾಗಲದಾಗ ಹಿಡದು ನಿಂದ್ರಸತೈತಿ!”

“ನನ್ನ ಚಾ ಯಾರನ್ನೂ ಬಾಗಲದಾಗ ನಿಂದ್ರಸೂದಿಲ್ರಿ, ಒಳಗ ಕರದು ಕುಂದ್ರಸತೈತಿ! ಗಜೇಂದ್ರಗಡದ ಮಂದಿ ಬಸ್ ಇಳದು ಬಂದು ಕುಡೀತಾರ. ನಿಮ್ಮ ಗುಳಗೀನ ಕಚ್ಚಾ ಐತಿ.”

ಮನೆಗೆ ಬಂದವನೇ ಚಹಾಪುಡಿ ಇಮ್ಮಡಿ ಹಾಕಿದ. ದಮ್ಮಿದ್ದರೆ ಚಹಾ ತಾನೇ ಗುಳಿಗೆಯನ್ನು ಗೋಡೆಯಾಚೆ ದೂಡೀತು!

“ಅದನ್ನ ನೀವ ಕುಡೀರಿ,” ಎಂದಳು ಮುಬೀನಾ. “ನರ್ಸಕ್ಕ ಹೇಳಿದಂಗ ನಾ ನಿಂಬಿಹಣ್ಣಿನ ನೀರಾಗ ತಗೋತೀನಿ.”

“ಗಂಡನ ಚಾ ಬ್ಯಾಡಾತು ನಿನಗ?”

“ಗಂಡ ಬೇಕ್ರಿ. ಸೂಜಿ ಬ್ಯಾಡ.”

ಹಟಕ್ಕೆ ಬಿದ್ದ ಖಾದರ ಅವಳ ಪಾಲಿನದನ್ನೂ ಕುಡಿಯತೊಡಗಿದ. ರೊಟ್ಟಿಯ ಜೊತೆ ಚಹಾ, ಅನ್ನದ ಮೇಲೆ ಚಹಾ.

ಮುಂದಿನ ತಪಾಸಣೆಯಲ್ಲಿ ಮುಬೀನಾಳ ರಕ್ತ ಏರಿತ್ತು, ಸೂಜಿ ತಪ್ಪಿತು. ಖಾದರ ಎದೆಯುಬ್ಬಿಸಿ ತನ್ನ ಬೆರಳು ಚಾಚಿದ. “ನಂದೂ ನೋಡ್ರಿ. ಚಾ ಕುಡಿಯೋನ ರಕ್ತ ಹ್ಯಾಂಗಿರತೈತಿ ಗೊತ್ತಾಗ್ಲಿ!”

ದುರ್ಗಾ ನೋಡಿದಳು. ಮತ್ತೊಮ್ಮೆ ನೋಡಿದಳು. ಡಾಕ್ಟರನ್ನೂ ಕರೆದು ತೋರಿಸಿದಳು.

ಮರುದಿನದಿಂದ ಖಾದರನಿಗೂ ಗುಳಿಗೆ. ಒಲೆಯ ಮುಂದೆ ನಿಂತರೆ ರುಚಿ ನೋಡದೆ ಬಿಡುವವನಲ್ಲವೆಂದು ಅಂಗಡಿಯಲ್ಲಿ ಮುಬೀನಾ ತಾನೇ ಚಹಾ ಕುದಿಸಿ ಕಿಟ್ಲಿ ಹಿಡಿದಳು. ಅವನು ಗೋಡೆಗೆ ಮುಖಮಾಡಿ ಗುಳಿಗೆ ಬಾಯಿಗಿಟ್ಟು ನಿಂಬೆನೀರು ತುಂಬಿಕೊಂಡಿದ್ದ. ಆಗಲೇ, ಕುದಿಸಿದ್ದು ಯಾರೆಂದು ತಿಳಿಯದ ದಿನದ ಗಿರಾಕಿ ಉಡಚಪ್ಪ ಬಶಿಗೆ ಸುರಿದುಕೊಂಡ ಚಹಾ ಸೊರ್ರೆಂದು ಹೀರಿ ಕಣ್ಣರಳಿಸಿದ:

“ಖಾದರಣ್ಣ! ಇಷ್ಟ ವರ್ಷಕ್ಕ ಇವತ್ತ ನೋಡ, ನಿನಗ ಚಾ ಮಾಡಾಕ ಬಂತು!”

ಖಾದರ ಬಾಯ್ತುಂಬ ಇದ್ದ ನಿಂಬೆನೀರಿನೊಡನೆ ಗುಳಿಗೆಯನ್ನೂ ಆ ಮಾತನ್ನೂ ಒಟ್ಟಿಗೇ ನುಂಗಿದ.