ಜೋಳ ತಿನ್ನುವ ಗಾಡಿ

ನಮ್ಮ ಹಳೇ ಕಾರಿನ ಹಿಂಭಾಗದಿಂದ ಕಟಕಟ ಸಪ್ಪಳ ಬರತೊಡಗಿದಾಗ ನನಗೆ ಒಳಗೊಳಗೇ ಖುಷಿಯಾಯಿತು ಎಂದರೆ ನೀವು ನಂಬಲಿಕ್ಕಿಲ್ಲ. ಪುಣೆಯ ಚಿಂಚವಾಡದಲ್ಲಿ ಶಾಕ್ ಅಬ್ಸಾರ್ಬರ್ ಮಾಡುವ ಕಾರ್ಖಾನೆಯಲ್ಲಿ ನಾನು ತಪಾಸಣೆ ವಿಭಾಗದವನು. ಕೂದಲೆಳೆಯಷ್ಟು ಬಿರುಕು ಕಂಡರೂ ಮಾಲನ್ನು ಎತ್ತಿ ಕೆಂಪು ಪೆಟ್ಟಿಗೆಗೆ ಒಗೆಯುವ ಅಧಿಕಾರ ನನ್ನದು. ಅಂಥವನ ಸ್ವಂತ ಗಾಡಿ ಸಪ್ಪಳ ಮಾಡಿದರೆ ಗ್ಯಾರೇಜಿಗೆ ಹೋಗುವುದೇ? ಮಾನ ಮರ್ಯಾದೆ ಬೇಡವೇ?

"ರೀ, ಗ್ಯಾರೇಜಿಗೆ ತೋರಿಸ್ರಿ. ಪಂಚಮಿ ಹತ್ರ ಬಂತು," ಎಂದಳು ನನ್ನ ಹೆಂಡತಿ ಶಾಂತಾ.

ವಿಷಯ ಅದೇ. ನಮ್ಮ ಅತ್ತೆ ಕಣ್ಣಿನ ಆಪರೇಶನ್ನಿಗೆಂದು ಇಂಡಿ ಕಡೆಯ ಊರಿನಿಂದ ಪುಣೆಗೆ ಬಂದಿದ್ದರು. ನಾಗರಪಂಚಮಿಗೆ ತಾಯಿ ಮಗಳಿಬ್ಬರನ್ನೂ ನಮ್ಮ ಕಾರಿನಲ್ಲೇ ಊರು ಮುಟ್ಟಿಸುತ್ತೇನೆ ಎಂದು ನಾನು ಮಾತು ಕೊಟ್ಟಿದ್ದೆ. ನನಗೆ ರಜೆ ಸಿಗದೆ ಶಾಂತಾ ತವರಿನ ಪಂಚಮಿ ಕಂಡು ಎಷ್ಟೋ ವರ್ಷಗಳಾಗಿದ್ದವು. ಈ ಸಲವೂ ತಪ್ಪಿದರೆ ಆಕೆ ಜಗಳ ತೆಗೆಯುವುದಿಲ್ಲ, ಸುಮ್ಮನಾಗುತ್ತಾಳೆ. ಅದನ್ನು ನೆನೆದರೇ ನನಗೆ ಸಂಕಟವಾಗುತ್ತದೆ.

"ಮನ್ಯಾಗ ಡಾಕ್ಟರ್ ಇದ್ದಾಗ ದವಾಖಾನಿ ಯಾಕ?" ಎಂದೆ ಗಂಭೀರವಾಗಿ. ತನಿಖೆ ಶುರುವಾಯಿತು!

ಅತ್ತೆಯನ್ನೂ ಶಾಂತಾಳನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿ ನಮ್ಮ ಸೊಸೈಟಿಯ ಸ್ಪೀಡ್ ಬ್ರೇಕರ್ ಮೇಲೆ ಹಿಂದೆ ಮುಂದೆ ಓಡಿಸಿದೆ. ನಮ್ಮ ಅತ್ತೆ ಹಳೇ ಕಾಲದವರು. ಅಳಿಯನ ಜೊತೆ ನೇರವಾಗಿ ಮಾತಾಡುವವರಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು ಮಗಳಿಗೆ ಹೇಳಿದರು:

"ನಿಮ್ಮವರಿಗೆ ಹೇಳವ್ವ, ಎಡಗಡೆ ಹಿಂದ ಸಪ್ಪಳ ಬರ್ತದ, ನನ್ನ ಬೆನ್ನಿನ ಹತ್ರಾನ ಅದ."

"ಅವರಿಗೆ ಹೇಳು, ಸಪ್ಪಳ ಕೇಳೂದಕ್ಕೂ ಟ್ರೇನಿಂಗ್ ಬೇಕು ಅಂತ," ಎಂದೆ ನಾನು. ಅತ್ತೆಗೂ ನನಗೂ ನಡುವೆ ಒಂದು ಮೊಳ ದೂರವಿತ್ತು ಅಷ್ಟೇ!

ನನ್ನ ಮೊದಲ ತೀರ್ಪು ಜ್ಯಾಕಿನ ಮೇಲೆ. ಡಿಕ್ಕಿಯಲ್ಲಿ ಅದೇ ಕುಣಿಯುತ್ತಿರಬೇಕೆಂದು ಶಾಂತಾಳ ಹಳೆಯ ಇಳಕಲ್ ಸೀರೆಯಲ್ಲಿ ಬಿಗಿಯಾಗಿ ಸುತ್ತಿಟ್ಟೆ. ಸಪ್ಪಳ ನಿಲ್ಲಲಿಲ್ಲ. ಸೀರೆ ಹಳೆಯದಲ್ಲ ಎಂಬುದು ಆಮೇಲೆ ತಿಳಿಯಿತು.

ಅಷ್ಟರಲ್ಲಿ ನನ್ನ ತಪಾಸಣೆಯ ಮಾನ ಕಾಪಾಡಲೆಂಬಂತೆ ಶಾಂತಾಳ ತಮ್ಮ ಭೀಮಣ್ಣ ಊರಿನಿಂದ ಒಂದು ಚೀಲ ಬಿಳಿಜೋಳ ಕಳಿಸಿದ. ಪುಣೆಯ ಅಂಗಡಿಯ ಜೋಳಕ್ಕೆ ಜಿಗಿ ಇಲ್ಲ, ರೊಟ್ಟಿ ಹರಿಯುತ್ತದೆ ಎಂಬುದು ನಮ್ಮ ಕಡೆಯವರೆಲ್ಲರ ಅಚಲ ನಂಬಿಕೆ. ಪಿಂಪ್ರಿಯಲ್ಲಿ ಲಾರಿಯಿಂದ ಚೀಲ ಇಳಿಸಿಕೊಂಡು ಡಿಕ್ಕಿಗೆ ಹಾಕಿ ಹೊರಟೆ. ಎಂಥ ಆಶ್ಚರ್ಯ! ಸಪ್ಪಳ ಮಾಯ!

"ಭಾರ ಬಿದ್ದರ ಸಪ್ಪಳ ಇಲ್ಲ. ಅಂದ್ರ ಗಾಡಿಗೆ ರೋಗ ಇಲ್ಲ, ಭಾರ ಕಡಿಮಿ ಆಗಿತ್ತು," ಎಂದು ಮನೆಯಲ್ಲಿ ಘೋಷಿಸಿದೆ. "ಚೀಲ ಡಿಕ್ಕ್ಯಾಗೇ ಇರ್ಲಿ."

"ಮತ್ತ ರೊಟ್ಟಿ?"

"ಬೇಕಾದಷ್ಟು ಕೆಳಗ ಹೋಗಿ ತಗೊಂಡು ಬಾ."

ಹೀಗೆ ಶಾಂತಾ ಬುಟ್ಟಿ ಹಿಡಿದು ಪಾರ್ಕಿಂಗಿಗೆ ಇಳಿದು, ಡಿಕ್ಕಿಯಿಂದ ಜೋಳ ತೋಡಿಕೊಂಡು ಗಿರಣಿಗೆ ಹೋಗತೊಡಗಿದಳು. ನಾವು ರೊಟ್ಟಿ ತಿಂದಂತೆಲ್ಲ ಚೀಲ ಇಳಿಯಿತು. ಚೀಲ ಇಳಿದಂತೆಲ್ಲ ಕಟಕಟ ಮೆಲ್ಲಗೆ ಮರಳಿತು! ನಾನು ಕಠಿಣ ಕ್ರಮ ಕೈಗೊಂಡೆ. ಪಂಚಮಿ ಮುಗಿಯುವವರೆಗೆ ಯಾರೂ ಜೋಳ ಮುಟ್ಟಕೂಡದು, ಚಪಾತಿ ತಿನ್ನಬೇಕು ಎಂದು ಅಪ್ಪಣೆ ಹೊರಡಿಸಿದೆ. ಸಾಲದೆಂದು ಇಲ್ಲಿಯದೇ ಅಂಗಡಿಯಿಂದ ಇನ್ನೊಂದು ಚೀಲ ಜೋಳ ತಂದು ಡಿಕ್ಕಿಗೆ ತುರುಕಿದೆ.

"ನಿಮ್ಮವರಿಗೆ ಹೇಳವ್ವ," ಎಂದರು ಅತ್ತೆ ಚಪಾತಿಯನ್ನು ಬೇಸರದಿಂದ ನೋಡುತ್ತ, "ಎತ್ತಿಗೆ ಜೋಳ ಹಾಕೂದು ಕಂಡೀನಿ. ಕಾರಿಗೆ ಹಾಕೂದು ಇದ ಮೊದಲು."

ಈಗ ಗಾಡಿಯ ಹಿಂಭಾಗ ನೆಲಕ್ಕೆ ಕುಸಿದು ಮೂತಿ ಆಕಾಶ ನೋಡುತ್ತಿತ್ತು. ಸಂಜೆ ಮನೆಗೆ ಬಂದರೆ ಹೆಡ್‌ಲೈಟು ಮೊದಲ ಮಹಡಿಯ ಪಾಟೀಲಕಾಕೂ ಅವರ ಅಡುಗೆಮನೆಗೆ ಬೀಳುತ್ತಿತ್ತು. ಅವರು ಕಿಟಕಿಯಿಂದ ಮರಾಠಿಯಲ್ಲಿ ನನ್ನ ಕುಲ ಉದ್ಧರಿಸುತ್ತಿದ್ದರು. ಒಂದು ದಿನ ಮಳೆಯಲ್ಲಿ ಫ್ಲೈಓವರಿನ ತಿರುವು ತಗೊಂಡಾಗ ಗಾಡಿಯ ಹಿಂಭಾಗ ನನ್ನನ್ನು ಕೇಳದೆ ಒಂದು ಕಡೆ ಹೊರಟಿತು. ಹೇಗೋ ಸ್ಟೇರಿಂಗ್ ತಿರುಗಿಸಿ ನೆಟ್ಟಗೆ ಮಾಡಿದೆ. ಮನೆಯಲ್ಲಿ ಮಾತ್ರ ಹೇಳಲಿಲ್ಲ.

ಹೇಳಿದ್ದು ಮಳೆ. ಡಿಕ್ಕಿಯ ಬಾಗಿಲಿನ ಸಂದಿಯಿಂದ ನೀರು ಇಳಿದಿತ್ತು. ಒಂದು ಬೆಳಿಗ್ಗೆ ಡಿಕ್ಕಿ ತೆರೆದರೆ ಚೀಲದ ತೂತುಗಳಿಂದ ಹಸಿರು ಮೊಳಕೆಗಳು ಇಣುಕುತ್ತಿದ್ದವು! ವಾಚ್‌ಮನ್ ಬಗ್ಗಿ ನೋಡಿದ.

"ಸಾಹೇಬ, ಗಾಡೀತ ಶೇತಿ?" ಎಂದ. ಗಾಡಿಯೊಳಗೆ ಬೇಸಾಯವೇ ಎಂದು ಅವನ ಪ್ರಶ್ನೆ. ಅವನ ದನಿಯಲ್ಲಿ ನಿಜವಾದ ಕಾಳಜಿಯಿತ್ತು. ಅದರಿಂದಲೇ ಹೆಚ್ಚು ನೋವಾಯಿತು.

ಪಂಚಮಿಗೆ ಇನ್ನು ಒಂದೆರಡೇ ದಿನ ಉಳಿದಿದ್ದವು. ಶಾಂತಾ ಪಾರ್ಕಿಂಗಿನಲ್ಲಿ ಚಾದರ ಹಾಸಿ ನೆನೆಯದೆ ಉಳಿದ ಒಣ ಜೋಳವನ್ನೆಲ್ಲ ಸುರಿದಳು. ಡಿಕ್ಕಿಯ ಮೂಲೆಯಲ್ಲಿ ಚೆಲ್ಲಿದ್ದನ್ನೂ ಗೋರಿ ತಂದಳು. ನಾನು ಹೆದರುತ್ತಿದ್ದ ಮೌನ ಬಂದೇ ಬಿಟ್ಟಿತು. ಅತ್ತೆ ಮೊರ ಹಿಡಿದು ಕೂತು ಜೋಳ ಹಸನು ಮಾಡತೊಡಗಿದರು. ಸ್ವಲ್ಪ ಹೊತ್ತಿಗೆ ಅವರ ಕೈ ನಿಂತಿತು. ಹೊಸ ಕಣ್ಣನ್ನು ಕಿರಿದು ಮಾಡಿ ಏನನ್ನೋ ಆರಿಸಿದರು. ಆಮೇಲೆ, ನನ್ನ ಮದುವೆಯಾದ ಮೇಲೆ ಮೊಟ್ಟಮೊದಲ ಬಾರಿಗೆ, ನೇರವಾಗಿ ನನ್ನತ್ತ ಅಂಗೈ ಚಾಚಿದರು.

"ಅಳಿಯಂದ್ರ, ಇದೇನ್ರಿ ಕರೀದು? ಇಲಿ ಹಿಕ್ಕಿ ಏನ್ರಿ?"

ನೋಡಿದೆ. ಬೆರಳಲ್ಲಿ ತಿಕ್ಕಿದೆ. ಇಲಿಯದಲ್ಲ. ರಬ್ಬರಿನ ಚೂರುಗಳು. ಶಾಕ್ ಅಬ್ಸಾರ್ಬರಿನ ಮೇಲ್ತುದಿ ಗಾಡಿಗೆ ಕೂಡುವಲ್ಲಿ ಇರುವ ರಬ್ಬರ್ ಬುಶ್ ಪುಡಿಪುಡಿಯಾಗಿ ಡಿಕ್ಕಿಯ ಮೂಲೆಯಲ್ಲಿ ಉದುರಿತ್ತು. ನಾನು ದಿನವಿಡೀ ಕೈಯಲ್ಲಿ ಹಿಡಿದು, ಕೂದಲೆಳೆ ಬಿರುಕಿಗೆ ಹೊರಗೆಸೆಯುವ ಅದೇ ಬುಶ್!

"ಯಾವ ಕಡೆದ್ರಿ?" ಎಂದಳು ಶಾಂತಾ.

"ಎಡಗಡೆ, ಹಿಂದ," ಎಂದೆ ಸಣ್ಣ ದನಿಯಲ್ಲಿ.

ಅತ್ತೆ ಸೆರಗು ಸರಿಪಡಿಸಿಕೊಂಡು ಮತ್ತೆ ಜೋಳ ಹಸನು ಮಾಡತೊಡಗಿದರು. ನಕ್ಕರೋ ಇಲ್ಲವೋ ಸೆರಗಿನಲ್ಲಿ ಕಾಣಲಿಲ್ಲ.

ಅಂದೇ ಗ್ಯಾರೇಜಿಗೆ ಹೋದೆ. ನಾನು ಚಹ ಕುಡಿದು ಮುಗಿಸುವಷ್ಟರಲ್ಲಿ ಬುಶ್ ಬದಲಾಗಿತ್ತು. ಖಾಲಿ ಡಿಕ್ಕಿಯ ಗಾಡಿ ಸೋಲಾಪುರದ ಹೆದ್ದಾರಿಯಲ್ಲಿ ಚಕಾರವೆತ್ತದೆ, ನೆಟ್ಟಗೆ ಓಡಿತು. ಪಂಚಮಿಯ ದಿನ ಶಾಂತಾ ತವರಿನ ಜೋಕಾಲಿಯಲ್ಲಿ ಸೀರೆಯ ನೆರಿಗೆ ಸಿಕ್ಕಿಸಿಕೊಂಡು ಜೀಕುತ್ತಿದ್ದಳು. ಅಷ್ಟು ಜೋರಾಗಿ ನಗುವುದನ್ನು ನಾನು ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ. ನನ್ನ ಕಣ್ಣು ತುಂಬಿ ಬಂತು. ಶೇಂಗಾ ಉಂಡಿ ತಿನ್ನುವ ನೆವದಲ್ಲಿ ಒರೆಸಿಕೊಂಡೆ.

ಹೊರಡುವ ಹೊತ್ತಿಗೆ ಭೀಮಣ್ಣ ಎರಡು ಚೀಲ ಹೊತ್ತು ತಂದ. ಒಂದು ದೊಡ್ಡದು, ಒಂದು ಸಣ್ಣದು.

"ಮಾಮಾ, ದೊಡ್ಡದು ಮನೀಗಿ."

"ಸಣ್ಣದು?"

"ಗಾಡಿಗ್ರಿ. ಅವ್ವ ಹೇಳ್ಯಾಳ."

ಕಟ್ಟೆಯ ಮೇಲೆ ಊರಿನವರೆಲ್ಲ ನೆರೆದಿದ್ದರು. ಬಾಗಿಲಲ್ಲಿ ನಿಂತ ಅತ್ತೆ ಈ ಸಲ ಮಗಳ ಕಡೆ ನೋಡಲೇ ಇಲ್ಲ.

"ಹೊಟ್ಟಿ ತುಂಬ ಹಾಕ್ರಿ ಅಳಿಯಂದ್ರ," ಎಂದರು. "ಹಸದ್ರ ಮತ್ತ ಕಟಕಟ ಅಂದೀತು."

ತಪಾಸಣೆ ವಿಭಾಗದವನಾದ ನಾನು ಎರಡೂ ಚೀಲಗಳನ್ನು ಮುಟ್ಟಿ ನೋಡಿದೆ. ದೋಷವೇನೂ ಕಾಣಲಿಲ್ಲ. ಬಾಯಿ ಮುಚ್ಚಿಕೊಂಡು ಡಿಕ್ಕಿಗೆ ಹಾಕಿದೆ.