ಗಜಗಾಂಭೀರ್ಯದ ಚಿಲಕ

ಮದುವೆಯಾಗುವ ತನಕ ಹುಚ್ಚು ಬಿಡೋದಿಲ್ಲ ಅಂತಾರೆ. ಶುದ್ಧ ಸುಳ್ಳು. ನನಗೆ ಹುಚ್ಚು ಹಿಡಿದದ್ದೇ ಮದುವೆಯಾದ ಮೇಲೆ. ರಿಮೋಟಿನಲ್ಲಿ ಹಾರಿಸುವ ವಿಮಾನ ಕಟ್ಟುವ ಹುಚ್ಚು. ಊಟದ ಮೇಜೇ ನನ್ನ ಕಾರ್ಖಾನೆ. ಹೆಂಡತಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಾಳೆ. ಅದಕ್ಕೂ ನನ್ನನ್ನೇ ಬೈತಾಳೆ ನೋಡಿ!

ವಿಮಾನದ ಹೊಟ್ಟೆಯೊಳಗೆ ಸರ್ವೋ ಅಂತ ಪುಟ್ಟ ಮೋಟಾರುಗಳಿರುತ್ತವೆ. ಇಷ್ಟು ತಿರುಗು ಅಂದರೆ ಅಷ್ಟೇ ತಿರುಗಿ ತೆಪ್ಪಗೆ ನಿಲ್ಲುತ್ತವೆ. (ಈ ಮನೆಯಲ್ಲಿ ನನ್ನ ಮಾತು ಕೇಳೋದು ಅವು ಮಾತ್ರ.) ಗುಂಡಿ ಒತ್ತಿದರೆ ಮೊದಲು ವಿಮಾನದ ಹೊಟ್ಟೆಯ ಬಾಗಿಲು ತೆರೆಯಬೇಕು, ಆಮೇಲೆ ಚಕ್ರದ ಕಾಲು ಹೊರಬರಬೇಕು, ಕೊನೆಗೆ ಬಾಗಿಲು ಮುಚ್ಚಬೇಕು. ಈ ಕ್ರಮವನ್ನು ರಿಮೋಟಿಗೆ ಕಲಿಸೋದೇ ಮಹಾವಿದ್ಯೆ. ಆಟಿಕೆ ಥರ ಟಪ್ ಅಂತ ತೆರೆದರೆ ನಮ್ಮ ಕ್ಲಬ್ಬಿನವರು ಮೂಗು ಮುರೀತಾರೆ. ನಿಜವಾದ ವಿಮಾನದ ಹಾಗೆ ಗಜಗಾಂಭೀರ್ಯದಿಂದ ತೆರೆಯಬೇಕು.

"ಬಾಗಿಲು ತೆಗಿ, ಕಾಲು ಹೊರಗಿಡು, ಬಾಗಿಲು ಮುಚ್ಚು. ಇಷ್ಟು ಕಲಿಸೋಕೆ ಒಂದು ವರ್ಷ ಬೇಕಾಯ್ತೇನ್ರೀ?"

"ನಿನಗೆ ತಿಳಿಯಲ್ಲ ಕಣೇ, ಸುಮ್ನಿರು."

"ತಿಳಿಯೋದೇ ಬೇಡ. ಬಚ್ಚಲಮನೆ ಚಿಲಕ ಮುರಿದು ಎಷ್ಟು ಕಾಲ ಆಯ್ತು? ಒಳಗಿದೀನಿ ಅಂತ ಗೊತ್ತಾಗ್ಲಿ ಅಂತ ಗಂಟಲು ಹರ್ಕೊಂಡು ಹಾಡ್ತಾ ಸ್ನಾನ ಮಾಡ್ತೀನಿ. ಭಾನುವಾರದೊಳಗೆ ಹಾಕಿಸ್ಲಿಲ್ವೋ, ಅಕ್ಕನ ಮನೆಗೆ ಹೋಗ್ತೀನಿ. ವಾಪಸ್ ಬರಲ್ಲ."

ಅವಳು ಇಂಥ ಮಾತು ಹಿಂದೆಂದೂ ಆಡಿದವಳಲ್ಲ. ನನಗೆ ನಿಜವಾಗಿ ಭಯವಾಯ್ತು. ಬಡಗಿಯನ್ನು ಕರೆಸಿದ್ದರೆ ಕಾಫಿ ಆರುವುದರೊಳಗೆ ಕೆಲಸ ಮುಗೀತಿತ್ತು. ಆದರೆ ನಾನು ಯೋಚನೆ ಮಾಡಿದೆ. ನಾನು ಹಾಳಾಗೋದೇ ಹೀಗೆ.

ಭಾನುವಾರ ಬೆಳಗಿನ ಹೊತ್ತಿಗೆ ಬಚ್ಚಲ ಬಾಗಿಲಿಗೆ ಹೊಸ ಚಿಲಕ, ಚಿಲಕಕ್ಕೊಂದು ಗಟ್ಟಿ ಸರ್ವೋ ಕೂತಿತ್ತು. ವಿಮಾನಕ್ಕೆ ಹಾಕಿದ್ದ ವೇಗವನ್ನೇ ಇದಕ್ಕೂ ಹಾಕಿದ್ದೆ. ಅವಳ ಕೈಗೆ ರಿಮೋಟ್ ಕೊಟ್ಟು, ಒಳಗೆ ಹೋಗಿ ಬಾಗಿಲು ಎಳೆದುಕೊಂಡು "ಒತ್ತು!" ಅಂದೆ. ಚಿಲಕ ಕುಂಯ್ಯ್ ಅಂತ ಜಾರಿ, ಜಾರಿ, ಜಾರಿ ಕೂತಿತು.

"ಹೇಗಿದೆ?"

"ಒಳಗಿಂದ ಕೈಯಲ್ಲಿ ತೆಗೆಯೋಕಾಗತ್ತಾ?"

"ಆಗಲ್ಲ! ಅದೇ ಭದ್ರತೆ."

"ನಾನು ಸ್ನಾನಕ್ಕೆ ಹೋದಾಗ ರಿಮೋಟ್ ಯಾರ ಹತ್ರ ಇರತ್ತೆ?"

"ನನ್ನ ಹತ್ರ. ಅದಕ್ಕೆ ನೀರು ತಾಗಬಾರದಲ್ವಾ?"

ಹೊರಗೆ ಅವಳು ಕುರ್ಚಿ ಎಳೆದುಕೊಂಡ ಸದ್ದು ಕೇಳಿತು.

"ಅಂದ್ರೆ ಈಗ ನೀವು ಎದ್ದು ಹೋಗೋ ಹಾಗಿಲ್ಲ. ಕೂತ್ಕೊಳ್ಳಿ."

ಬಕೆಟ್ ಬೋರಲು ಹಾಕಿ ಕೂತೆ. ಮಾಡಿದ್ದುಣ್ಣೋ ಮಹರಾಯ! ಅವಳು ಬೈಯಲಿಲ್ಲ. ಬೈದಿದ್ದರೆ ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ಬಾಗಿಲಾಚೆಯಿಂದ ಹಳೇ ಮಾತು ತೆಗೆದಳು. ಆಪರೇಷನ್ ಆಗಿ ಆಸ್ಪತ್ರೆಯಿಂದ ಒಬ್ಬಳೇ ಬಸ್ಸು ಹತ್ತಿ ಬಂದ ದಿನ, ಅವಳನ್ನು ಬಾಗಿಲಲ್ಲಿ ನೋಡಿ ನಾನು "ದಾರೀಲಿ ಅಂಟಿನ ಟ್ಯೂಬ್ ತಂದ್ಯಾ?" ಅಂದೆನಂತೆ. ನನಗೆ ನೆನಪೇ ಇಲ್ಲ. ಅಂಟು ಮಾತ್ರ ನೆನಪಿದೆ, ಒಳ್ಳೇ ಅಂಟು.

"ಬಾಗಿಲು ತೆಗಿಯೇ, ಹೊರಗೆ ಬಂದು ಮಾತಾಡ್ತೀನಿ."

"ಹೊರಗೆ ಬಂದ್ರೆ ಮೇಜಿನ ಹತ್ರ ಹೋಗ್ತೀರಿ."

"ಬಡಗೀನ ಕರೆಸ್ತೀನಿ! ಇವತ್ತೇ!"

"ಚಿಲಕ ಚೆನ್ನಾಗೇ ಇದೆ ರೀ," ಅಂದಳು. ದನಿಯಲ್ಲಿ ಸಿಟ್ಟೇ ಇರಲಿಲ್ಲ. "ಗುಂಡಿ ಒತ್ತಿದೀನಿ. ನಿಧಾನಕ್ಕೆ ಬನ್ನಿ."

ಚಿಲಕ ಹೊರಟಿತು, ಗಜಗಾಂಭೀರ್ಯದಿಂದ. ಬಾಗಿಲು ಗುದ್ದಿದೆ, ಒದ್ದೆ, "ಬೇಗ ತೆರೆಯೋ ದರಿದ್ರವೇ!" ಅಂತ ಸರ್ವೋವನ್ನು ಬೈದೆ. ಅದು ಹೇಳಿದ ಮಾತು ಮೀರುವ ಜಾತಿಯಲ್ಲ. ಅಷ್ಟರಲ್ಲಿ ಮುಂಬಾಗಿಲು ತೆರೆದ ಸದ್ದು ಕೇಳಿತು. ಆಮೇಲೆ ಚಪ್ಪಲಿ ಕಾಲು ಹೊಸಿಲು ದಾಟಿದ ಸದ್ದು. ಕೊನೆಗೆ ಬಾಗಿಲು ಮುಚ್ಚಿದ ಸದ್ದು. ಕ್ರಮದಲ್ಲಿ ಒಂದೂ ತಪ್ಪಿಲ್ಲ. ನಾನು ಓಡಿ ಬೀದಿಗೆ ಬಂದಾಗ ಬೀದಿ ಖಾಲಿಯಾಗಿತ್ತು.

ಈಗ ನಮ್ಮ ಬಚ್ಚಲಮನೆಗೆ ಚಿಲಕ ಇದೆ. ಹಾಕಿಕೊಳ್ಳೋಕೆ ನನಗೆ ಧೈರ್ಯವಿಲ್ಲ; ಸಿಕ್ಕಿಬಿದ್ದರೆ ಹೊರಗಿಂದ ಗುಂಡಿ ಒತ್ತುವವರು ಯಾರು? ಬಾಗಿಲು ಹಾಗೇ ಬಿಟ್ಟು, ಗಂಟಲು ಹರಿದುಕೊಂಡು ಹಾಡುತ್ತಾ ಸ್ನಾನ ಮಾಡ್ತೀನಿ. ನಾನು ಒಳಗಿದ್ದೀನಿ ಅಂತ ಗೊತ್ತಾಗಬೇಕಾದವರು ಯಾರೂ ಮನೆಯಲ್ಲಿಲ್ಲ.